ಮ್ಯಾಂಡರಿನ್‌ನಲ್ಲಿ ನಾಲ್ಕು ಮಾತು: ಆಪ್, ಆಡಿಯೋ, ಟ್ಯೂಟರ್, ತರಗತಿ – ಯಾವುದು ಯಾರಿಗೆ?

ಮೂರು ತಿಂಗಳಲ್ಲಿ ನಾಲ್ಕು ಜನ ನನ್ನ ಹತ್ತಿರ ಒಂದೇ ಪ್ರಶ್ನೆ ತಂದರು: ಮ್ಯಾಂಡರಿನ್ (ಚೀನಾ, ತೈವಾನಿನಲ್ಲಿ ನಡೆಯುವ ಮುಖ್ಯ ಚೀನೀ ಭಾಷೆ) ಮಾತಾಡೋದು ಕಲೀಬೇಕು, ಎಲ್ಲಿಂದ ಶುರು ಮಾಡ್ಲಿ? ಒಬ್ಬರು ಫ್ಯಾನ್ಸಿ ಸಾಮಾನಿನ ವ್ಯಾಪಾರಿ. 2020ರಲ್ಲಿ ನಿಂತಿದ್ದ ಭಾರತ–ಚೀನಾ ನೇರ ವಿಮಾನ 2025ರ ಅಕ್ಟೋಬರ್‌ನಲ್ಲಿ ಮತ್ತೆ ಶುರುವಾದ ಮೇಲೆ ಅವರು ಚೀನಾದ ಯಿವು ಊರಿನ ಸಗಟು ಮಾರುಕಟ್ಟೆಗೆ ಹೊರಟಿದ್ದಾರೆ. ಇನ್ನೊಬ್ಬರು ಗಂಡನ ಚಿಪ್ ಕಂಪನಿ ಕೆಲಸದ ಜೊತೆ ತೈವಾನಿನ ಶಿನ್‌ಚೂಗೆ ಮನೆ ಬದಲಾಯಿಸುತ್ತಿರುವವರು. ಮೂರನೆಯವನು ದೇವನಹಳ್ಳಿ ಹತ್ತಿರದ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ತೈವಾನಿನ ಎಂಜಿನಿಯರ್‌ಗಳ ಜೊತೆ ಕೆಲಸ ಮಾಡುವ ಹುಡುಗ. ನಾಲ್ಕನೆಯವರು ಮೊಮ್ಮಗನನ್ನು ನೋಡಿಕೊಳ್ಳಲು ಸಿಂಗಪುರಕ್ಕೆ ಹೋಗುತ್ತಿರುವ ಅರವತ್ತೈದರ ಅಜ್ಜಿ.

ನಾಲ್ವರಿಗೂ ಒಂದೇ ಉತ್ತರ ಕೊಟ್ಟಿದ್ದರೆ ಮೂವರ ದುಡ್ಡು ದಂಡವಾಗುತ್ತಿತ್ತು. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ. ಶಿನ್‌ಚೂನಲ್ಲಿ ಮೂರು ವರ್ಷ ಇದ್ದು, ಇಲ್ಲಿ ಹೇಳುವ ಬಹುತೇಕ ದಾರಿಗಳನ್ನು ನಾನೇ ತುಳಿದು ನೋಡಿದ್ದೇನೆ.

ಒಂದು ಹೆದರಿಕೆಯನ್ನು ಮೊದಲೇ ತೆಗೆದುಬಿಡೋಣ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸಂಸ್ಥೆ ಮ್ಯಾಂಡರಿನ್‌ಗೆ 88 ವಾರ, 2,200 ತರಗತಿ ಗಂಟೆ ಬೇಕು ಎಂದು ಲೆಕ್ಕ ಕೊಡುತ್ತದೆ. ಎಲ್ಲರೂ ಇದನ್ನೇ ತೋರಿಸಿ ಬೆದರಿಸುತ್ತಾರೆ. ಅದು ಇಂಗ್ಲಿಷ್ ಮನೆಮಾತಿನವರು ಕಚೇರಿ ಮಟ್ಟದಲ್ಲಿ ಓದಿ, ಬರೆದು, ವಾದ ಮಾಡುವಷ್ಟು ಕಲಿಯಲು ಬೇಕಾದ ಹೊತ್ತು. ನಮಗೆ ಬೇಕಾಗಿರುವುದು ನಮಸ್ಕಾರ, ಊಟ, ಬೆಲೆ, ದಾರಿ, ಪಕ್ಕದ ಮನೆಯವರ ಜೊತೆ ಎರಡು ಮಾತು. ಇದಕ್ಕೆ ಮುನ್ನೂರು ಪದ, ಅರವತ್ತರಿಂದ ಎಂಬತ್ತು ಗಂಟೆ ಸಾಕು ಎಂಬುದು ನನ್ನ ಅನುಭವ. ಆ ಗಂಟೆಗಳನ್ನು ಎಲ್ಲಿ ಹಾಕುತ್ತೀರಿ ಅನ್ನುವುದೇ ಇಲ್ಲಿನ ವಿಷಯ.

ಯಾವ ಅಳತೆಗೋಲಿನಿಂದ ಅಳೆಯಬೇಕು

ಮೊದಲನೆಯದು, ಒಂದು ಗಂಟೆ ಕಲಿತರೆ ಅದರಲ್ಲಿ ನಿಮ್ಮ ಬಾಯಿ ಎಷ್ಟು ನಿಮಿಷ ಆಡಿತು? ಕೇಳಿದ್ದು, ನೋಡಿದ್ದು, ಬೆರಳಲ್ಲಿ ಒತ್ತಿದ್ದು ಲೆಕ್ಕಕ್ಕಿಲ್ಲ.

ಎರಡನೆಯದು, ನಿಮ್ಮ ಟೋನ್ (ಪದ ಹೇಳುವಾಗ ದನಿ ಏರುವ, ಇಳಿಯುವ ರೀತಿ) ತಪ್ಪಿದಾಗ ಆ ಕ್ಷಣದಲ್ಲೇ ತಿದ್ದುವವರು ಇದ್ದಾರಾ? ನನ್ನ ಮಟ್ಟಿಗೆ ಎಲ್ಲಕ್ಕಿಂತ ಭಾರವಾದ ಅಳತೆ ಇದೇ. ಮ್ಯಾಂಡರಿನ್‌ನಲ್ಲಿ ಟೋನ್ ಬಿಟ್ಟರೆ ಬೇರೆ ಬೇರೆ ಉಚ್ಚಾರಣೆಗಳು ಸುಮಾರು 400 ಮಾತ್ರ. ಆದ್ದರಿಂದ ಒಂದೇ ಉಚ್ಚಾರಣೆಯ ಮೇಲೆ ನಾಲ್ಕು ಟೋನ್ ಕೂತು ನಾಲ್ಕು ಅರ್ಥ ಹೊರುತ್ತವೆ. ‘ಮಾಯ್’ ಎಂದು ತಗ್ಗಿಸಿ ಹೇಳಿದರೆ ಕೊಳ್ಳುವುದು, ಮೇಲಿಂದ ಕೆಳಕ್ಕೆ ಬೀಳಿಸಿ ಹೇಳಿದರೆ ಮಾರುವುದು. ವ್ಯಾಪಾರಕ್ಕೆ ಹೋದವರಿಗೆ ಇವೆರಡೂ ಅದಲುಬದಲಾದರೆ ಏನಾಗುತ್ತದೆ ಯೋಚಿಸಿ.

ನನಗೆ ಇದು ಮನದಟ್ಟಾದದ್ದು ಶಿನ್‌ಚೂನ ಒಂದು ಸಸ್ಯಾಹಾರಿ ಊಟದ ಅಂಗಡಿಯಲ್ಲಿ. ಸೋಯಾ ಹಾಲಿಗೆ ಸಕ್ಕರೆ ಬೇಡ ಎನ್ನಬೇಕಿತ್ತು: ‘ಪೂ ಯಾವ್ ಥಾಂಗ್’. ಸಕ್ಕರೆಯ ‘ಥಾಂಗ್’ ಏರುವ ಟೋನ್. ನಾನು ಸಮನಾಗಿ ಎಳೆದು ಹೇಳಿದೆ. ಸಮ ಟೋನಿನ ‘ಥಾಂಗ್’ ಎಂದರೆ ಸಾರು, ಸೂಪು. ಅಂಗಡಿಯಾಕೆ ತಲೆಯಾಡಿಸಿ ನನ್ನ ತಟ್ಟೆಯ ಪಕ್ಕದಲ್ಲಿದ್ದ ಬಿಸಿ ಸೂಪಿನ ಬಟ್ಟಲನ್ನು ಎತ್ತಿಕೊಂಡು ಹೋದರು. ಸಕ್ಕರೆ ಹಾಲಿನಲ್ಲೇ ಉಳಿಯಿತು. ಅಷ್ಟು ಹೊತ್ತಿಗೆ ನಾನು ಆಪ್‌ನಲ್ಲಿ ನಾಲ್ಕು ತಿಂಗಳು ಒಂದು ದಿನವೂ ಬಿಡದೆ ಪಾಠ ಮುಗಿಸಿದ್ದೆ. ಆ ನಾಲ್ಕು ತಿಂಗಳಲ್ಲಿ ನನ್ನ ‘ಥಾಂಗ್’ ಅನ್ನು ಒಬ್ಬ ಮನುಷ್ಯರೂ ಕೇಳಿರಲಿಲ್ಲ.

ಮೂರನೆಯ ಅಳತೆ, ಎಲ್ಲಿನ ಮ್ಯಾಂಡರಿನ್? ಚೀನಾದಲ್ಲಿ ಇದರ ಹೆಸರು ಫೂಥುಂಗ್‌ಹ್ವಾ, ತೈವಾನಿನಲ್ಲಿ ಕ್ವೋಯ್ಯು, ಸಿಂಗಪುರದಲ್ಲಿ ಹ್ವಾಯ್ಯು. ಮೂರೂ ಒಂದೇ ಭಾಷೆ, ಧಾರವಾಡ–ಮಂಗಳೂರು–ಮೈಸೂರು ಕನ್ನಡದ ಹಾಗೆ. ಆದರೆ ದಿನಬಳಕೆಯಲ್ಲಿ ಎಡವುವ ಜಾಗಗಳಿವೆ. ಚೀನಾದಲ್ಲಿ ‘ಥೂತೋ’ ಎಂದರೆ ಆಲೂಗಡ್ಡೆ, ತೈವಾನಿನಲ್ಲಿ ಕಡಲೆಕಾಯಿ. ಟ್ಯಾಕ್ಸಿಗೆ ಮೂರು ಕಡೆ ಮೂರು ಪದ. ‘ಶ್ಯಾವ್‌ಚ್ಯೆ’ ತೈವಾನಿನಲ್ಲಿ ಅಪರಿಚಿತ ಯುವತಿಯನ್ನು ಗೌರವದಿಂದ ಕರೆಯುವ ಮಾತು. ಚೀನಾದ ಹಲವು ಕಡೆ ಅದೇ ಪದಕ್ಕೆ ಕೆಟ್ಟ ಅರ್ಥ ಅಂಟಿಕೊಂಡಿದೆ. ಹೋಗುವ ಊರು ಗೊತ್ತಿದ್ದರೆ ಆ ಊರಿನ ದನಿಯಲ್ಲೇ ಕಲಿಯಿರಿ.

ನಾಲ್ಕನೆಯದು ಲಿಪಿಯ ಹೊರೆ. ಮಾತು ಮಾತ್ರ ಬೇಕೆಂದವರಿಗೆ ಮೊದಲ ದಿನದಿಂದಲೇ ಚಿತ್ರಾಕ್ಷರ ತಿದ್ದಿಸುವ ಪಾಠ ಅರ್ಧ ಹೊತ್ತನ್ನು ತಿಂದುಹಾಕುತ್ತದೆ. ಅಂಗಡಿ ಬೋರ್ಡು ಓದಲು ಫೋನಿನ ಕ್ಯಾಮೆರಾ ಇದೆ. ಪಕ್ಕದ ಮನೆಯವರ ಮಾತಿಗೆ ಉತ್ತರ ಕೊಡಲು ನಿಮ್ಮ ನಾಲಗೆಯೇ ಬೇಕು.

ಹಣ ಮತ್ತು ಹೊತ್ತಿನ ಮಾತು ಒಂದೊಂದರ ಜೊತೆಗೇ ಬರುತ್ತದೆ.

ಕನ್ನಡದ ಕಿವಿಯಿಂದ ಕಲಿಯುವುದು

ಆಯ್ಕೆಗಳಿಗೆ ಹೋಗುವ ಮೊದಲು ಇದನ್ನು ಹೇಳಲೇಬೇಕು. ಸಿಗುವ ಪಾಠಗಳೆಲ್ಲ ಇಂಗ್ಲಿಷ್ ಮೂಲಕ ಬರುತ್ತವೆ. ನಾವು ಇಂಗ್ಲಿಷ್ ಓದಿ ಮ್ಯಾಂಡರಿನ್ ಹೇಳಲು ಹೋಗಿ ಕೆಡುತ್ತೇವೆ.

1958ರಲ್ಲಿ ಚೀನಾ ಒಪ್ಪಿಕೊಂಡ ಪಿನ್‌ಯಿನ್ ಎಂಬ ಪದ್ಧತಿ ಚೀನೀ ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತದೆ. ಅದರಲ್ಲಿ ‘ಬಿ’ ಅಕ್ಷರ ಕಂಡರೆ ನಾವು ‘ಬ’ ಎನ್ನುತ್ತೇವೆ. ಅಲ್ಲಿ ಇರುವುದು ನಮ್ಮ ‘ಪ’. ‘ಪಿ’ ಅಕ್ಷರ ಕಂಡರೆ ‘ಪ’ ಎನ್ನುತ್ತೇವೆ. ಅದು ಮಹಾಪ್ರಾಣದ ‘ಫ’. ಹಾಗೆಯೇ ‘ಡಿ’ ಎಂದರೆ ‘ತ’, ‘ಟಿ’ ಎಂದರೆ ‘ಥ’, ‘ಜಿ’ ಎಂದರೆ ‘ಕ’, ‘ಕೆ’ ಎಂದರೆ ‘ಖ’. ಅಲ್ಪಪ್ರಾಣ–ಮಹಾಪ್ರಾಣದ ಈ ಜೋಡಿ ಒಂದನೇ ತರಗತಿಯಿಂದ ನಮಗೆ ಬಾಯಿಪಾಠ. ಇಂಗ್ಲಿಷಿನವರು ತಿಂಗಳುಗಟ್ಟಲೆ ಒದ್ದಾಡುವ ಜಾಗದಲ್ಲಿ ನಾವು ಒಂದೇ ದಿನದಲ್ಲಿ ದಾಟಬಹುದು. ಒಂದೇ ಎಚ್ಚರ: ಮಾತಿನ ಓಘದಲ್ಲಿ ‘ಧನ್ಯವಾದ’ವನ್ನು ‘ದನ್ಯವಾದ’ ಎನ್ನುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ಇಲ್ಲಿ ಮಹಾಪ್ರಾಣ ಬಿಟ್ಟರೆ ಪದವೇ ಬದಲಾಗುತ್ತದೆ. ‘ಷ’ದ ನಾಲಗೆ ಮಡಿಕೆ, ‘ಶ’ದ ಚಪ್ಪಟೆ ನಾಲಗೆ ಎರಡೂ ಅಲ್ಲಿವೆ. ಎರಡನ್ನೂ ಬೇರೆ ಮಾಡಿ ಹೇಳಿ ಅಭ್ಯಾಸ ಮಾಡಿ.

ಟೋನ್‌ಗಳಿಗೂ ನಮ್ಮಲ್ಲಿ ಹಿಡಿಕೆ ಇದೆ. ಒಂದನೆಯದು ಸಂಗೀತದ ಮೇಷ್ಟ್ರು ಮೇಲಿನ ಷಡ್ಜ ಹಿಡಿದಂತೆ, ಎತ್ತರದಲ್ಲಿ ಅಲುಗಾಡದೆ. ಎರಡನೆಯದು ಸರಿಯಾಗಿ ಕೇಳಿಸದಾಗ ‘ಹಾಂ?’ ಎಂದು ಏರಿಸಿದಂತೆ. ಮೂರನೆಯದು ಕತೆ ಕೇಳುತ್ತಾ ಗಂಟಲಾಳದಲ್ಲಿ ‘ಹೂಂ’ಗುಟ್ಟಿದಂತೆ, ತಗ್ಗಿನಲ್ಲಿ. ನಾಲ್ಕನೆಯದು ಮಗುವಿಗೆ ‘ಸಾಕು!’ ಎಂದು ಗದರಿದಂತೆ, ಮೇಲಿಂದ ಒಂದೇ ಸಲ ಕೆಳಕ್ಕೆ. ಕನ್ನಡದವರಿಗೆ ಇರುವ ದೊಡ್ಡ ತೊಡಕು ಬೇರೆ. ನಾವು ಪ್ರಶ್ನೆ ಕೇಳುವಾಗ ಮಾತಿನ ಕೊನೆಯನ್ನು ಎತ್ತುತ್ತೇವೆ. ಅಲ್ಲಿ ಎತ್ತಿದರೆ ಕೊನೆಯ ಪದದ ಟೋನ್ ಕೆಟ್ಟು ಅರ್ಥ ಹೋಯಿತು. ಪ್ರಶ್ನೆಯ ಕೆಲಸವನ್ನು ‘ಮಾ’ ಎಂಬ ಬಾಲ ಮಾಡುತ್ತದೆ, ನಮ್ಮ ‘ಬಂದ್ರಾ’, ‘ಆಯ್ತಾ’ಗಳ ಕೊನೆಯ ‘ಆ’ ಇದ್ದಂತೆ.

ವಾಕ್ಯ ಕಟ್ಟುವಾಗಲೂ ಎಷ್ಟೋ ಕಡೆ ಇಂಗ್ಲಿಷಿಗಿಂತ ಕನ್ನಡವೇ ಹತ್ತಿರ. ಕ್ರಿಯಾಪದ ನಮ್ಮ ಹಾಗೆ ಕೊನೆಗೆ ಬರುವುದಿಲ್ಲ, ನಿಜ. ಆದರೆ ‘ನಿನ್ನೆ ಬಂದ ಹುಡುಗ’ ಅನ್ನುವಾಗ ವಿವರಣೆ ಮೊದಲು, ಹುಡುಗ ಆಮೇಲೆ. ಅಲ್ಲೂ ಹಾಗೇ. ‘ಹೋಗ್ತೀಯಾ?’ ಎಂದರೆ ‘ಹೋಗ್ತೀನಿ’ ಅಥವಾ ‘ಹೋಗಲ್ಲ’ ಎಂದು ಕ್ರಿಯಾಪದವನ್ನೇ ತಿರುಗಿ ಹೇಳುತ್ತಾರೆ. ಅಣ್ಣ ‘ಕಕ’, ತಮ್ಮ ‘ತೀತಿ’, ಅಕ್ಕ ‘ಚ್ಯೆಚ್ಯೆ’, ತಂಗಿ ‘ಮೇಮೇ’: ದೊಡ್ಡವರು ಚಿಕ್ಕವರು ಅನ್ನದೆ ಸಂಬಂಧ ಹೇಳಲು ಅವರಿಗೂ ಬಾರದು. ನೀನು ಎನ್ನಲು ‘ನೀ’, ಗೌರವಕ್ಕೆ ‘ನಿನ್’. ಹತ್ತು ಸಾವಿರಕ್ಕೆ ‘ವಾನ್’ ಎಂಬ ಪ್ರತ್ಯೇಕ ಪದ. ಹತ್ತು ವಾನ್ ಸೇರಿದರೆ ನಮ್ಮ ಒಂದು ಲಕ್ಷ. ಇದು ತಲೆಯಲ್ಲಿದ್ದರೆ ನೀವು ಯಾವ ದಾರಿ ಆರಿಸಿದರೂ ಅರ್ಧ ಹೊರೆ ಇಳಿದಂತೆ. ಪಿನ್‌ಯಿನ್ ಪಕ್ಕದಲ್ಲೇ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ, ಮಹಾಪ್ರಾಣ ಸಮೇತ, ಮೇಲೆ ಟೋನಿನ ಅಂಕೆ ಹಾಕಿ.

ಆಪ್‌ಗಳು

ಡ್ಯುಯೊಲಿಂಗೋ ಎಲ್ಲರಿಗೂ ಗೊತ್ತು. ಹಲೋಚೈನೀಸ್ ಮ್ಯಾಂಡರಿನ್‌ಗೆಂದೇ ಮಾಡಿದ್ದು, ಟೋನ್ ಮತ್ತು ಪಿನ್‌ಯಿನ್ ಪಾಠ ಮೊದಲೇ ಬರುತ್ತದೆ, ಮೈಕಿನಲ್ಲಿ ಹೇಳಿಸುತ್ತದೆ. ಎರಡರಲ್ಲಿ ಒಂದು ಎಂದರೆ ನಾನು ಹಲೋಚೈನೀಸ್ ಎನ್ನುತ್ತೇನೆ. ಶುರುವಿನ ಪಾಠಗಳಿಗೆ ಕಾಸು ಬೇಡ. ಬಸ್ಸಿನಲ್ಲಿ ಹತ್ತು ನಿಮಿಷ, ಊಟಕ್ಕೆ ಮುಂಚೆ ಹತ್ತು ನಿಮಿಷ ಸಿಗುವವರಿಗೆ ಇದು ಹೊಂದುತ್ತದೆ. ಪದಗಳು ಕಿವಿಗೆ ಬೀಳುತ್ತವೆ.

ಕೊರತೆ ಮೊದಲ ಎರಡು ಅಳತೆಯಲ್ಲೇ. ಬಾಯಿಗಿಂತ ಬೆರಳಿಗೆ ಕೆಲಸ ಹೆಚ್ಚು. ಮೈಕ್ ನಿಮ್ಮ ಮಾತನ್ನು ಸರಿ ಎಂದು ಹಸಿರು ಮಾಡಿತು ಎಂದರೆ ಟೋನ್ ಸರಿಯಿತ್ತು ಎಂದಲ್ಲ. ಏನು ಹೇಳಬೇಕಿತ್ತು ಎಂಬುದು ಅದಕ್ಕೆ ಮೊದಲೇ ಗೊತ್ತು. ಎಐ ಜೊತೆ ಮಾತಾಡುವ ಹೊಸ ಆಪ್‌ಗಳಿಗೂ ಈ ಮಾತು ಅನ್ವಯಿಸುತ್ತದೆ. ಅವು ಹಿಂದುಮುಂದಿನ ಪದ ನೋಡಿ ಊಹೆ ಮಾಡುತ್ತವೆ. ಅಂಗಡಿಯವರೂ ಊಹಿಸುತ್ತಾರೆ, ಆದರೆ ಅಷ್ಟು ತಾಳ್ಮೆಯಿಂದಲ್ಲ. ಇದಕ್ಕೊಂದು ಉಪಾಯ ಇದೆ. ಫೋನಿನ ಕೀಬೋರ್ಡಿಗೆ ಚೀನೀ ಭಾಷೆ ಸೇರಿಸಿ, ವಾಕ್ಯವಿಲ್ಲದೆ ಒಂದೊಂದೇ ಪದವನ್ನು ದನಿಯಲ್ಲಿ ಹೇಳಿ. ಊಹೆಗೆ ಜಾಗವಿಲ್ಲದಿದ್ದಾಗ ಅದು ಏನು ಬರೆಯುತ್ತದೆ ನೋಡಿ, ಪ್ಲೆಕೋ ನಿಘಂಟಿನಲ್ಲಿ ಹಾಕಿ ಅರ್ಥ ಪರೀಕ್ಷಿಸಿ. ಪ್ಲೆಕೋ ಉಚಿತ, ಯಾವ ದಾರಿ ಹಿಡಿದರೂ ಇರಲೇಬೇಕಾದದ್ದು.

ಆಪ್ ಉಪ್ಪಿನಕಾಯಿ ಇದ್ದ ಹಾಗೆ. ಪಕ್ಕದಲ್ಲಿರಲಿ, ಅದೊಂದರಲ್ಲೇ ಊಟ ಮುಗಿಸಬೇಡಿ.

ಆಡಿಯೋ ಪಾಠ

ಪಿಮ್ಸ್ಲರ್ ಇದರಲ್ಲಿ ಹೆಸರಾದದ್ದು. ಒಂದೊಂದು ಪಾಠ ಅರ್ಧ ಗಂಟೆ, ಒಂದು ಹಂತಕ್ಕೆ 30 ಪಾಠ, ಮ್ಯಾಂಡರಿನ್‌ಗೆ ಐದು ಹಂತ. ತೆರೆ ನೋಡುವುದೇ ಬೇಡ. ದನಿ ಒಂದು ಸಂದರ್ಭ ಹೇಳಿ, ‘ಈಗ ನೀವು ಹೇಳಿ’ ಎಂದು ಜಾಗ ಬಿಡುತ್ತದೆ. ಆ ಜಾಗದಲ್ಲಿ ನೀವು ಗಟ್ಟಿಯಾಗಿ ಹೇಳಬೇಕು. ಬಾಯಿ ಆಡುವ ಅಳತೆಯಲ್ಲಿ ಆಪ್‌ಗಿಂತ ಎಷ್ಟೋ ಮುಂದೆ. ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ದಿನಾ ಒಂದು ಗಂಟೆ ಕಾರಿನಲ್ಲಿ ಕೂರುವವರಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಲಿಪಿಯ ಹೊರೆಯೂ ಇಲ್ಲ.

ಆದರೆ ತಪ್ಪು ಹೇಳಿದರೆ ತಿದ್ದುವವರಿಲ್ಲ. ತಪ್ಪನ್ನೇ ನೂರು ಸಲ ಹೇಳಿ ಗಟ್ಟಿ ಮಾಡಿಕೊಳ್ಳುವ ಅಪಾಯ ಇದೆ. ದನಿ ಚೀನಾದ ಪ್ರಮಾಣ ಉಚ್ಚಾರಣೆ, ತೈವಾನಿಗೆ ಹೋಗುವವರು ಪದಗಳನ್ನು ಆಮೇಲೆ ಬದಲಿಸಿಕೊಳ್ಳಬೇಕು. ವಿವರಣೆ ಇಂಗ್ಲಿಷಿನಲ್ಲಿ. ತಿಂಗಳ ಚಂದಾ ಸುಮಾರು 20 ಡಾಲರ್. ಆಡಿಯೋ ಮಟ್ಟಿಗೆ ಒಂದು ಹಂತ ಮುಗಿಸಿದರೆ ನಮ್ಮ ಅಗತ್ಯಕ್ಕೆ ಸಾಕು, ಅದಕ್ಕೆ ಒಂದೂವರೆ ತಿಂಗಳು ಹಿಡಿದರೂ ಎರಡು ತಿಂಗಳ ಚಂದಾ. ಅಮೆರಿಕದಲ್ಲಿರುವ ಕನ್ನಡಿಗರು ದುಡ್ಡು ಕೊಡುವ ಮೊದಲು ತಮ್ಮ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ವಿಚಾರಿಸಿ, ಅಲ್ಲಿ ಉಚಿತವಾಗಿ ಸಿಗುವುದುಂಟು.

ಒಬ್ಬರಿಗೊಬ್ಬರು: ಆನ್‌ಲೈನ್ ಟ್ಯೂಟರ್

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನನ್ನ ‘ಥಾಂಗ್’ ಸರಿಯಾದದ್ದು ಇಲ್ಲೇ.

ಐಟಾಕಿ, ಪ್ರೆಪ್ಲಿಯಂಥ ತಾಣಗಳಲ್ಲಿ ಚೀನಾ, ತೈವಾನ್, ಮಲೇಷ್ಯಾ ಎಲ್ಲ ಕಡೆಯ ಶಿಕ್ಷಕರು ಸಿಗುತ್ತಾರೆ. ದನಿ ಕೇಳಿ ಆರಿಸಿಕೊಳ್ಳಬಹುದು. ನಾನು ನೋಡಿದ ಮಟ್ಟಿಗೆ ಗಂಟೆಗೆ ₹700ರಿಂದ ₹2,000ದವರೆಗೆ, ತರಬೇತಿ ಪಡೆದ ಶಿಕ್ಷಕರಾದರೆ ಮೇಲಿನ ದರ, ಮಾತಿನ ಜೊತೆಗಾರರಾದರೆ ಕೆಳಗಿನದು. ಮೊದಲ ಹತ್ತು ಪಾಠಕ್ಕೆ ತರಬೇತಿ ಪಡೆದವರನ್ನೇ ಹಿಡಿಯಿರಿ. ಟೋನ್ ಯಾಕೆ ತಪ್ಪಿತು, ನಾಲಗೆ ಎಲ್ಲಿಡಬೇಕು ಎಂದು ಬಿಡಿಸಿ ಹೇಳಲು ಭಾಷೆ ಬಂದರಷ್ಟೇ ಸಾಲದು. ನೆಲೆ ಸಿಕ್ಕಿದ ಮೇಲೆ ಅಗ್ಗದ ಜೊತೆಗಾರರಿಗೆ ಬದಲಾಯಿಸಿ. ಚೀನಾ, ತೈವಾನ್ ಎರಡೂ ನಮಗಿಂತ ಎರಡೂವರೆ ಗಂಟೆ ಮುಂದೆ. ನಮ್ಮ ಸಂಜೆ ಏಳು ಅವರ ರಾತ್ರಿ ಒಂಬತ್ತೂವರೆ, ಸಿಗುವವರು ಕಡಿಮೆ. ಬೆಳಗಿನ ಆರೂವರೆ ಇಟ್ಟುಕೊಂಡರೆ ಆಯ್ಕೆ ಹೆಚ್ಚು.

ನನ್ನ ಶಿಕ್ಷಕಿ ಎರಡು ಚೀಟಿ ಮಾಡಿದ್ದರು. ಒಂದರಲ್ಲಿ ಸಕ್ಕರೆ ಡಬ್ಬಿಯ ಚಿತ್ರ, ಇನ್ನೊಂದರಲ್ಲಿ ಹಬೆಯಾಡುವ ಬಟ್ಟಲು. ನಾನು ‘ಥಾಂಗ್’ ಎನ್ನಬೇಕು, ಅವರು ತಮಗೆ ಕೇಳಿಸಿದ ಚೀಟಿಯನ್ನು ಕ್ಯಾಮೆರಾಗೆ ಎತ್ತಿ ಹಿಡಿಯಬೇಕು. ಸರಿ–ತಪ್ಪು ಎಂಬ ಮಾತಿಲ್ಲ, ಬೈಗುಳವಿಲ್ಲ, ಹೊಗಳಿಕೆಯೂ ಇಲ್ಲ. ನಾನು ಮನಸ್ಸಿನಲ್ಲಿ ಸಕ್ಕರೆ ಇಟ್ಟುಕೊಂಡು ಹೇಳಿದರೆ ಅವರು ಬಟ್ಟಲು ಎತ್ತುತ್ತಿದ್ದರು. ಮತ್ತೆ ಹೇಳಿದರೆ ಮತ್ತೆ ಬಟ್ಟಲು. ಗಲ್ಲವನ್ನು ಸ್ವಲ್ಪ ಎತ್ತಿ, ಅಮ್ಮ ಒಳಗಿಂದ ಕೂಗಿದಾಗ ‘ಹಾಂ?’ ಎನ್ನುವ ಹಾಗೆ ಏರಿಸಿದೆ. ಸಕ್ಕರೆ ಡಬ್ಬಿ ಬಂತು. ಇಪ್ಪತ್ತು ನಿಮಿಷದಲ್ಲಿ ಆದದ್ದು ನಾಲ್ಕು ತಿಂಗಳಲ್ಲಿ ಆಗಿರಲಿಲ್ಲ. ನೀವು ಯಾವ ಶಿಕ್ಷಕರ ಬಳಿ ಹೋದರೂ ಈ ಆಟವನ್ನು ನೀವೇ ಕೇಳಿ ಆಡಿಸಿಕೊಳ್ಳಿ.

ಶುರುವಿನಲ್ಲೇ ಸ್ಪಷ್ಟವಾಗಿ ಹೇಳಿಬಿಡಿ: ಅಕ್ಷರ ಬೇಡ, ಪಠ್ಯಪುಸ್ತಕ ಬೇಡ, ಟೋನ್ ತಪ್ಪಿದ ತಕ್ಷಣ ನಿಲ್ಲಿಸಿ. ಹೇಳದಿದ್ದರೆ ಸಂಕೋಚಕ್ಕೆ ತಿದ್ದದೆ ನಗುತ್ತಾ ಮುಂದೆ ಹೋಗುವ ಶಿಕ್ಷಕರೇ ಹೆಚ್ಚು. ವಾರಕ್ಕೊಮ್ಮೆ ಒಂದು ಗಂಟೆಗಿಂತ ಎರಡು ಸಲ ಅರ್ಧರ್ಧ ಗಂಟೆ ಮೇಲು. ಪ್ರತಿ ಸಲ ನಿಮಗೆ ಬೇಕಾದ ಐದು ವಾಕ್ಯವನ್ನು ನೀವೇ ಕೊಂಡೊಯ್ಯಿರಿ. ‘ನಾನು ಸಸ್ಯಾಹಾರಿ’ಗೆ ‘ವೋ ಛೃ ಸೂ’. ಅರ್ಥವಾಗಲಿಲ್ಲ ಎನ್ನಲು ‘ಥಿಂಗ್ ಪು ತುಂಗ್’. ಇನ್ನೊಮ್ಮೆ ಹೇಳಿ ಎನ್ನಲು ‘ತ್ಸಾಯ್ ಷ್ವೋ ಯೀ ಪ್ಯೆನ್’. ಅಂಗಡಿಯವರನ್ನು ‘ಲಾವ್‌ಪಾನ್’ ಎಂದು, ತಾಯಿ ವಯಸ್ಸಿನವರನ್ನು ‘ಆಯೀ’ ಎಂದು ಕರೆಯುವುದು. ಇವು ಬಾಯಿಗೆ ಬಂದರೆ ಮಿಕ್ಕದ್ದು ಅಲ್ಲೇ ಸಿಗುತ್ತದೆ.

ಇದರ ದೌರ್ಬಲ್ಯ ಖರ್ಚು, ಮತ್ತು ಪಾಠದ ನಡುವಿನ ದಿನಗಳಲ್ಲಿ ನೀವು ಏನೂ ಮಾಡದಿದ್ದರೆ ಮೂರು ದಿನದಲ್ಲಿ ಅರ್ಧ ಮರೆತುಹೋಗುವುದು. ಖರ್ಚು ಭಾರವಾದರೆ ಹತ್ತೇ ಪಾಠ ತೆಗೆದುಕೊಳ್ಳಿ, ಆದರೆ ಮೊದಲ ತಿಂಗಳಲ್ಲೇ ತೆಗೆದುಕೊಳ್ಳಿ. ಆರು ತಿಂಗಳು ತಪ್ಪಾಗಿ ಹೇಳಿ ಗಟ್ಟಿಯಾದದ್ದನ್ನು ಒಡೆಯುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ.

ತರಗತಿ

ಬೆಂಗಳೂರಿನಲ್ಲಿ ವಾರಾಂತ್ಯದ ಮ್ಯಾಂಡರಿನ್ ತರಗತಿ ನಡೆಸುವ ಭಾಷಾ ಸಂಸ್ಥೆಗಳಿವೆ. ಶಿಸ್ತು ಬರುತ್ತದೆ, ಜೊತೆಗಾರರು ಸಿಗುತ್ತಾರೆ, ಒಬ್ಬಂಟಿಯಾಗಿ ಕಲಿಯಲಾಗದವರಿಗೆ ಇದು ದೊಡ್ಡ ಆಸರೆ. ಆದರೆ ಲೆಕ್ಕ ಹಾಕಿ: ಹನ್ನೆರಡು ಜನರ ತರಗತಿ, ಒಂದೂವರೆ ಗಂಟೆ. ಶಿಕ್ಷಕರ ಮಾತು ಕಳೆದು ನಿಮ್ಮ ಪಾಲಿಗೆ ಬರುವುದು ಐದಾರು ನಿಮಿಷ.

ಇನ್ನೊಂದು ವಿಷಯ ಸೇರುವ ಮೊದಲೇ ಕೇಳಿ ತಿಳಿಯಿರಿ. ಬಹಳಷ್ಟು ಕೋರ್ಸ್‌ಗಳು ಚೀನಾ ನಡೆಸುವ ಎಚ್‌ಎಸ್‌ಕೆ ಎಂಬ ಚೀನೀ ಭಾಷಾ ಪರೀಕ್ಷೆಯ ಸುತ್ತ ಹೆಣೆದವು. 2010ರ ಮಾದರಿಯ ಮೊದಲ ಹಂತಕ್ಕೆ 150 ಪದ, ಎರಡನೆಯದಕ್ಕೆ 300. ಎರಡೂ ಕೇಳಿ ಗುರುತಿಸುವ, ಓದಿ ಗುರುತಿಸುವ ಪರೀಕ್ಷೆ, ಒಂದು ಮಾತೂ ಆಡಬೇಕಿಲ್ಲ. ಮಾತಿನ ಪರೀಕ್ಷೆಗೆ ಎಚ್‌ಎಸ್‌ಕೆಕೆ ಎಂಬುದು ಬೇರೆಯೇ ಇದೆ. ಪ್ರಮಾಣಪತ್ರ ಕೈಗೆ ಬಂದರೂ ಬಾಯಿ ಬರದವರನ್ನು ನಾನು ನೋಡಿದ್ದೇನೆ. ಅವರ ತಪ್ಪಲ್ಲ, ಅವರಿಗೆ ಕಲಿಸಿದ್ದೇ ಬೇರೆ. ದುಭಾಷಿ ಕೆಲಸಕ್ಕೆ ಹೋಗಬೇಕು, ಚೀನಾದಲ್ಲಿ ಓದಬೇಕು ಎನ್ನುವವರಿಗೆ ಪ್ರಮಾಣಪತ್ರ ಬೇಕೇ ಬೇಕು, ಅವರು ಈ ದಾರಿಯನ್ನೇ ಹಿಡಿಯಲಿ.

ಅಲ್ಲೇ ಹೋಗಿ ನೆಲೆಸುವವರ ಕತೆ ಬೇರೆ. ತೈವಾನಿನ ಹಲವು ವಿಶ್ವವಿದ್ಯಾಲಯಗಳಿಗೆ ಭಾಷಾ ಕೇಂದ್ರಗಳಿವೆ. ತೈಪೆಯ ನಾರ್ಮಲ್ ವಿಶ್ವವಿದ್ಯಾಲಯದ್ದು 1956ರಿಂದ ನಡೆಯುತ್ತಿದೆ. ಮೂರು ಮೂರು ತಿಂಗಳ ಅವಧಿ, ವಾರದ ಐದು ದಿನ ಪಾಠ, ಹೊರಗೆ ಕಾಲಿಟ್ಟರೆ ಅದೇ ಭಾಷೆ. ಬೆಳಗ್ಗೆ ಕಲಿತದ್ದನ್ನು ಸಂಜೆ ತರಕಾರಿ ಅಂಗಡಿಯಲ್ಲಿ ಬಳಸುತ್ತೀರಿ. ಅಂಥ ತರಗತಿಗೆ ಮೇಲಿನ ಐದು ನಿಮಿಷದ ಲೆಕ್ಕ ಅನ್ವಯಿಸುವುದಿಲ್ಲ. ಸಿಂಗಪುರದಲ್ಲಿ ಬಡಾವಣೆಯ ಕಮ್ಯುನಿಟಿ ಕ್ಲಬ್‌ಗಳಲ್ಲೇ ಮಾತಿನ ಮ್ಯಾಂಡರಿನ್ ತರಗತಿಗಳು ನಡೆಯುತ್ತವೆ, ಖರ್ಚೂ ಹಗುರ.

ಭಾಷೆ ಕೊಟ್ಟು ಭಾಷೆ ತಗೊಳ್ಳುವುದು

ಹಲೋಟಾಕ್, ಟ್ಯಾಂಡೆಮ್ ಆಪ್‌ಗಳಲ್ಲಿ ಇಂಗ್ಲಿಷ್ ಕಲಿಯಬೇಕೆನ್ನುವ ಚೀನೀಯರು ಸಿಗುತ್ತಾರೆ. ನೀವು ಅವರಿಗೆ ಇಂಗ್ಲಿಷ್, ಅವರು ನಿಮಗೆ ಮ್ಯಾಂಡರಿನ್. ಖರ್ಚಿಲ್ಲ. ಆದರೆ ಅವರ ಇಂಗ್ಲಿಷ್ ನಿಮ್ಮ ಮ್ಯಾಂಡರಿನ್‌ಗಿಂತ ಚೆನ್ನಾಗಿರುವುದರಿಂದ ಮಾತು ತಾನಾಗಿ ಇಂಗ್ಲಿಷಿಗೆ ಜಾರುತ್ತದೆ. ಅಲಾರಂ ಇಟ್ಟು ಹದಿನೈದು ನಿಮಿಷ ಆ ಭಾಷೆ, ಹದಿನೈದು ನಿಮಿಷ ಈ ಭಾಷೆ ಎಂದು ಕಟ್ಟುನಿಟ್ಟು ಮಾಡದಿದ್ದರೆ ಕಲಿಕೆ ಸಾಗದು. ಹೆಣ್ಣುಮಕ್ಕಳು ಹೆಣ್ಣುಮಕ್ಕಳನ್ನೇ ಜೊತೆಗಾರರಾಗಿ ಆರಿಸಿಕೊಳ್ಳುವುದು ಕ್ಷೇಮ, ಬೇಡದ ಸಂದೇಶಗಳ ಕಾಟ ಅಲ್ಲಿದೆ. ಮೊದಲ ತಿಂಗಳಿಗೆ ಇದು ಬೇಡ. ನೂರು ಪದ ಬಂದ ಮೇಲೆ ರುಚಿಸುತ್ತದೆ.

ಯೂಟ್ಯೂಬ್ ವಿಡಿಯೋಗಳ ಬಗ್ಗೆ ಎರಡೇ ಮಾತು. ಕಿವಿಗೆ ಒಳ್ಳೆಯದು, ಬಾಯಿಗೆ ಸಾಲದು. ಚೀನಾದ ಒಳಗೆ ಯೂಟ್ಯೂಬ್, ಗೂಗಲ್, ವಾಟ್ಸಾಪ್ ಯಾವುದೂ ಸಾಮಾನ್ಯ ಇಂಟರ್ನೆಟ್‌ನಲ್ಲಿ ತೆರೆಯುವುದಿಲ್ಲ, ಬೇಕಾದ್ದನ್ನೆಲ್ಲ ಇಲ್ಲೇ ಇಳಿಸಿಕೊಂಡು ಹೋಗಿ. ಅನುವಾದ ಯಂತ್ರವೂ ಅಷ್ಟೇ, ಇಂಟರ್ನೆಟ್ ಇಲ್ಲದೆ ನಡೆಯುವ ಭಾಷಾ ಕಡತವನ್ನು ಮೊದಲೇ ತುಂಬಿಕೊಳ್ಳಿ. ಆಸ್ಪತ್ರೆ, ಪೊಲೀಸು, ಬಾಡಿಗೆ ಕರಾರು ಇಂಥ ಕಡೆ ಯಂತ್ರವನ್ನೇ ನಂಬಿ, ನಿಮ್ಮ ಮುನ್ನೂರು ಪದವನ್ನಲ್ಲ.

ಹಾಗಾದರೆ ಆ ನಾಲ್ವರಿಗೆ

ಯಿವುಗೆ ಹೊರಟ ವ್ಯಾಪಾರಿಗೆ ಮೂರೇ ವಾರ ಉಳಿದಿತ್ತು. ಕೋರ್ಸು, ಆಪ್ ಎಲ್ಲ ಬಿಡಿ ಎಂದೆ. ಚೀನಾದ ಶಿಕ್ಷಕರ ಹತ್ತಿರ ಆರು ಪಾಠ, ಆರರಲ್ಲೂ ಅಂಕೆ, ಬೆಲೆ, ಅಳತೆ ಮಾತ್ರ. ‘ತ್ವೋಷಾವ್ ಛ್ಯೆನ್’ ಎಂದರೆ ಎಷ್ಟು ದುಡ್ಡು, ಕೊಳ್ಳುವ ‘ಮಾಯ್’, ಮಾರುವ ‘ಮಾಯ್’, ಕಡಿಮೆ ಮಾಡಿ ಎನ್ನುವುದು. ಅಲ್ಲಿ ಕ್ಯಾಲ್ಕುಲೇಟರ್ ಒತ್ತಿ ತೋರಿಸುತ್ತಾರೆ, ಆರರಿಂದ ಹತ್ತರವರೆಗೂ ಒಂದೇ ಕೈಯಲ್ಲಿ ಸನ್ನೆ ಮಾಡುತ್ತಾರೆ. ಆ ಸನ್ನೆಗಳನ್ನೂ ಶಿಕ್ಷಕರಿಂದ ಕಲಿಯಿರಿ ಎಂದೆ. ಆರು ಸಾವಿರ ರೂಪಾಯಿಯೊಳಗೆ ಮುಗಿಯುವ ಕೆಲಸ.

ಶಿನ್‌ಚೂಗೆ ಹೋಗುವವರಿಗೆ ಎರಡು ತಿಂಗಳಿತ್ತು. ಇಲ್ಲಿರುವಾಗ ತೈವಾನಿನ ಶಿಕ್ಷಕಿಯ ಹತ್ತಿರ ಹತ್ತು ಪಾಠ, ಅಡುಗೆ ಮಾಡುತ್ತಾ ಆಡಿಯೋ. ಅಲ್ಲಿಗೆ ಹೋದ ಮೇಲೆ ಒಂದು ಅವಧಿಯಾದರೂ ವಿಶ್ವವಿದ್ಯಾಲಯದ ತರಗತಿ. ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಒಬ್ಬರೇ ಕೂತು ಕುಗ್ಗಿಹೋದ ನಮ್ಮವರನ್ನು ಅಲ್ಲಿ ಕಂಡಿದ್ದೇನೆ. ಅವರಿಗೆ ಭಾಷೆಗಿಂತ ಮೊದಲು ಬೇಕಾದದ್ದು ನಾಲ್ಕು ಜನರ ಸಹವಾಸ. ಇವರ ವಿಷಯದಲ್ಲಿ ತರಗತಿಗೆ ನಾನು ಕೊಡುವ ಅಂಕ ಹೆಚ್ಚಾಗುವುದು ಆ ಕಾರಣಕ್ಕೇ.

ದೇವನಹಳ್ಳಿಯ ಹುಡುಗ ದುಡ್ಡು ಖರ್ಚು ಮಾಡಲೇಬೇಕಿಲ್ಲ. ದಿನಾ ಊಟದ ಮೇಜಿನಲ್ಲಿ ಎದುರಿಗೇ ತೈವಾನಿನವರು ಕೂರುತ್ತಾರೆ. ರಾತ್ರಿ ಹಲೋಚೈನೀಸ್‌ನಲ್ಲಿ ಕಲಿತ ಮೂರು ವಾಕ್ಯವನ್ನು ಮಧ್ಯಾಹ್ನ ಅವರ ಮುಂದೆ ಹೇಳಲಿ, ಚೀಟಿ ಆಟ ಆಡಲಿ, ಬದಲಿಗೆ ‘ಊಟ ಆಯ್ತಾ’, ‘ಸ್ವಲ್ಪ ಸಾಕು’ ಕಲಿಸಲಿ. ಮುಂದೆ ದುಭಾಷಿ ಹುದ್ದೆಯ ಆಸೆ ಇದ್ದರೆ ಆಗ ಪರೀಕ್ಷೆಯ ತರಗತಿ.

ಸಿಂಗಪುರದ ಅಜ್ಜಿಗೆ ಮಗ ಆಗಲೇ ಒಂದು ವರ್ಷದ ಆಪ್ ಚಂದಾ ಕಟ್ಟಿದ್ದ. ಅವರು ಅದನ್ನು ತೆರೆದೂ ನೋಡಿರಲಿಲ್ಲ. ಅಲ್ಲಿ ಇಂಗ್ಲಿಷ್ ನಡೆಯುತ್ತದೆ, ಕಾಫಿ ಅಂಗಡಿಯಲ್ಲಿ ಹಾಲು ಸಕ್ಕರೆ ಇಲ್ಲದ ಕಾಫಿಗೆ ‘ಕೋಪಿ ಓ ಕೋಸೊಂಗ್’ ಎಂಬ ಬೆರಕೆ ಮಾತೇ ಸಾಕು. ಮ್ಯಾಂಡರಿನ್ ಬೇಕಾಗುವುದು ಕೆಳಗಿನ ಆಟದ ಬಯಲಿನಲ್ಲಿ ಮೊಮ್ಮಕ್ಕಳನ್ನು ಆಡಿಸುತ್ತಾ ಕೂರುವ ಚೀನೀ ಅಜ್ಜಿಯರ ಜೊತೆ. ಸರ್ಕಾರ 1979ರಲ್ಲಿ ಮ್ಯಾಂಡರಿನ್ ಮಾತಾಡಿ ಎಂಬ ಚಳವಳಿ ಶುರು ಮಾಡಿದ ಮೇಲೆ ಮನೆಯಲ್ಲಿ ಹೊಕ್ಕಿಯನ್, ತಿಯೋಚ್ಯೂ ಎಂಬ ಬೇರೆ ಚೀನೀ ಮಾತುಗಳನ್ನು ಆಡುತ್ತಿದ್ದವರೂ ಮ್ಯಾಂಡರಿನ್ ಕಲಿತಿದ್ದಾರೆ. ಅವರಿಗೂ ಅದು ಕಲಿತ ಭಾಷೆಯೇ ಆದ್ದರಿಂದ ಕಲಿಯುವವರ ಮೇಲೆ ಕನಿಕರ ಹೆಚ್ಚು.

ಅಜ್ಜಿಗೆ ನಾನು ಒಂದು ಹಾಳೆಯಲ್ಲಿ ಹತ್ತು ಸಾಲು ಕನ್ನಡದಲ್ಲಿ ಬರೆದುಕೊಟ್ಟೆ, ಒಂದೊಂದನ್ನೂ ಫೋನಿನಲ್ಲಿ ಹೇಳಿ ತುಂಬಿಸಿದೆ. ಹೋದ ಮೇಲೆ ಕಮ್ಯುನಿಟಿ ಕ್ಲಬ್ಬಿನ ತರಗತಿ ನೋಡಿ, ಇಷ್ಟವಾದರೆ ಸೇರಿ ಎಂದೆ. ಮೊದಲ ಸಾಲು ‘ಛೃ ಲ ಮಾ’. ಊಟ ಆಯ್ತಾ ಎಂದೇ ಅರ್ಥ, ನಮ್ಮ ಹಾಗೆಯೇ ಅವರೂ ಅದನ್ನು ನಮಸ್ಕಾರದ ಬದಲು ಕೇಳುತ್ತಾರೆ. ಮೂರನೆಯದು, ಬಲವಂತ ಮಾಡಿ ಬಡಿಸಿದಾಗ ಹೇಳಲು ‘ಛೃ ಪಾವ್ ಲ’, ಹೊಟ್ಟೆ ತುಂಬಿತು. ಕೊನೆಯದು ‘ಮಾನ್ ತ್ಸೋ’. ಮನೆಗೆ ಬಂದವರು ಎದ್ದು ಹೊರಟಾಗ ಬಾಗಿಲಲ್ಲಿ ನಿಂತು ಹೇಳುವ ಮಾತು. ಅರ್ಥ ಕೇಳಿದರು. ನಿಧಾನಕ್ಕೆ ಹೋಗಿ ಅಂತ, ಎಂದೆ. ‘ಇದು ನಂಗೆ ಮರೆಯಲ್ಲ ಬಿಡಪ್ಪ’ ಎಂದು ಹಾಳೆಯನ್ನು ಮಡಿಚಿ ಪಾಸ್‌ಪೋರ್ಟಿನ ಒಳಗಿಟ್ಟುಕೊಂಡರು.